ಕೆಂಪು ಗುರುತಿನ ಬೆಂಚುಗಳು

ಎಗ್ಮೋರ್ ಸ್ಟೇಷನ್ನಿನ ಹಿಂದಿನ ಗಲ್ಲಿಯಲ್ಲಿ ಮುರಿದ ಕುರ್ಚಿ, ಕುಂಟುವ ಮೇಜು, ಬಾಗಿಲು ಕೂಡದ ಬೀರುಗಳನ್ನು ಸರಿಮಾಡಿಕೊಡುವ ಅಂಗಡಿಯೊಂದಿದೆ. ಅದರ ಮೂಲೆಯಲ್ಲಿ, ಮರದ ಹೊಟ್ಟಿನ ನಡುವೆ ಉಳಿ ಹಿಡಿದು ಕೂತವನು ಕೊಟ್ರಪ್ಪ. ಕೊಟ್ಟೂರಿನ ಕಡೆಯವನು. ಈ ಊರಿಗೆ ಬಂದಾಗ ಮೀಸೆ ಇನ್ನೂ ಚಿಗುರುತ್ತಿತ್ತು, ಈಗ ಬೆಳ್ಳಗಾಗಿದೆ. ಕೆಲಸಕ್ಕೆ ಕೂತಾಗ ಅವನ ಕೈ ನಡುಗಿದ್ದನ್ನು ಯಾರೂ ಕಂಡಿಲ್ಲ. ಕೆಲಸ ಬಿಟ್ಟು ಎದ್ದನೋ, ಶುರು. ಪೊಲೀಸ್ ಜೀಪು ಕಂಡರೆ ರಸ್ತೆಯ ಆಚೆ ಬದಿಗೆ ದಾಟುತ್ತಾನೆ. ಬ್ಯಾಂಕಿನ ಗಾಜಿನ ಬಾಗಿಲ ಮುಂದೆ, ಚಪ್ಪಲಿ ಬಿಟ್ಟು ಹೋಗಬೇಕೋ ಹಾಕಿಕೊಂಡೇ ಹೋಗಬೇಕೋ ಎಂದು ನಿಂತೇ ಇರುತ್ತಾನೆ. ಕೆಟ್ಟ ಸುದ್ದಿಯನ್ನು ಹೇಗೋ ತಡೆದುಕೊಂಡಾನು. ಒಳ್ಳೆಯ ಸುದ್ದಿ ಬಂತೆಂದರೆ ಮಾತ್ರ ಅವನ ಎದೆ ಡವಗುಟ್ಟುತ್ತದೆ.

“ಇವರ ಕೊರಳಿಗೆ ಯಾರಾರ ಹೂವಿನ ಹಾರ ಹಾಕಿದ್ರ, ಒಳಗ ಜೇನುಹುಳ ಅದಾವೇನಂತ ಮೊದಲ ಝಾಡಿಸಿ ನೋಡ್ತಾರ,” ಎಂದು ಹೆಂಡತಿ ಗಿರಿಜಾದೇವಿ ಬಂದವರ ಮುಂದೆಲ್ಲ ಹೇಳಿ ನಗುತ್ತಾಳೆ. ಕೊಟ್ರಪ್ಪನೂ ನಗುತ್ತಾನೆ, ಆದರೆ ಅವಳಿಗಿಂತ ಒಂದು ಗಳಿಗೆ ತಡವಾಗಿ.

ಇಂಥವನ ಮಗಳು ತೇಜಶ್ರೀ ಸರ್ಕಾರಿ ಶಾಲೆಯಲ್ಲಿ ಓದಿ, ಹನ್ನೆರಡನೆಯ ತರಗತಿಯಲ್ಲಿ ಲೆಕ್ಕದಲ್ಲಿ ಶಾಲೆಗೇ ಮೊದಲು ಬಂದಳು. ರೈಲು ಹಳಿಯ ಆಚೆಗಿನ ಸರ್ಕಾರಿ ಮಹಿಳಾ ಕಾಲೇಜಿನಲ್ಲಿ ಗಣಿತದ ಬಿ.ಎಸ್ಸಿ.ಗೆ ಸೀಟೂ ಸಿಕ್ಕಿತು. ಸೇರಿಸುವ ದಿನ ಕೊಟ್ರಪ್ಪ ಚೀಟಿ ಎತ್ತಿದ ಹಣವನ್ನು ಬಟ್ಟೆಯ ಗಂಟಿನಲ್ಲಿ ಕಟ್ಟಿ, ಅಂಗಿಯೊಳಗೆ ಕೊರಳ ಲಿಂಗದ ಪಕ್ಕಕ್ಕೇ ಇಳಿಬಿಟ್ಟುಕೊಂಡು ಹೋಗಿದ್ದ. ಕೌಂಟರಿನ ಹೆಂಗಸು ಸರ್ಟಿಫಿಕೇಟುಗಳನ್ನು ತಿರುವಿ ನೋಡಿ, ಏನೋ ಸಣ್ಣಪುಟ್ಟ ಶುಲ್ಕಕ್ಕೆ ರಸೀದಿ ಹರಿದುಕೊಟ್ಟಳು. ಇವನು ಗಂಟು ಬಿಚ್ಚಿ ಮುಂದೆ ಚಾಚಿದ.

“ವೇಂಡಾಂಗ,” ಎಂದಳು ಆಕೆ, ಬೇಡವೆಂದು ಗಂಟನ್ನು ಬೆರಳ ತುದಿಯಿಂದ ಹಿಂದಕ್ಕೆ ತಳ್ಳಿ. ಪಾಠ ಹೇಳುವುದಕ್ಕೆ ಫೀಸಿಲ್ಲ, ಅದನ್ನು ಸರ್ಕಾರ ನೋಡಿಕೊಳ್ಳುತ್ತದೆ. ಸರ್ಕಾರಿ ಶಾಲೆಯಲ್ಲಿ ಓದಿದ ಹುಡುಗಿಯಾದ್ದರಿಂದ ತಿಂಗಳು ತಿಂಗಳು ಅವಳ ಖಾತೆಗೇ ಸಾವಿರ ರೂಪಾಯಿ ಬೇರೆ ಬರುತ್ತದೆ. “ಬಸ್ಸಿಗೂ ಟಿಕೆಟ್ ಬೇಡ ಅಲ್ವಾ, ಇನ್ನೇನು ಬೇಕು? ಹೋಗಿ ಬನ್ನಿ, ಹಿಂದೆ ಜನ ನಿಂತಿದ್ದಾರೆ.”

ಬೇರೆ ಯಾರಾದರೂ ಆಗಿದ್ದರೆ ನೇರ ಸಿಹಿ ಅಂಗಡಿಗೆ ನುಗ್ಗುತ್ತಿದ್ದರು. ಕೊಟ್ರಪ್ಪ ಕಾಲೇಜಿನ ಕಾಂಪೌಂಡಿನ ಗೋಡೆಗೆ ಒರಗಿ ಕೂತುಬಿಟ್ಟ. ಓದಿಸುವುದೂ ಪುಕ್ಕಟೆ, ಮೇಲೆ ದುಡ್ಡು ಬೇರೆ! ಯಾರು ಕೊಡುತ್ತಾರೆ? ಯಾಕೆ ಕೊಡುತ್ತಾರೆ? ಕೊಟ್ಟವರು ನಾಳೆ ಬಂದು ಏನು ಕೇಳುತ್ತಾರೆ?

ಅವನು ಹೀಗೆ ಅಂಜುವುದಕ್ಕೆ ಕಾರಣವಿತ್ತು. ಅದನ್ನು ತಿಳಿಯದೆ ಅವನನ್ನು ಕಂಡು ನಗುವುದು ತರವಲ್ಲ.

ಕೊಟ್ರಪ್ಪನೂ ಒಂದು ಕಾಲಕ್ಕೆ ಪುಕ್ಕಟೆ ಓದಿದವನೇ. ಊರಿನ ಹತ್ತಿರದ ಒಂದು ಮಠದ ಪ್ರಸಾದ ನಿಲಯದಲ್ಲಿ ಬಡವರ ಮಕ್ಕಳಿಗೆ ಊಟ, ಚಾಪೆ, ಶಾಲೆ ಎಲ್ಲ ಉಚಿತ. ಹುಡುಗರು ಪಾಳಿಯ ಮೇಲೆ ಬಾವಿಯ ನೀರು ಸೇದುತ್ತಿದ್ದರು, ದನದ ಕೊಟ್ಟಿಗೆ ಬಳಿಯುತ್ತಿದ್ದರು. ಇದು ಊಟದ ಬದಲಿಗೆ ಎಂದು ಯಾರೂ ಹೇಳಿರಲಿಲ್ಲ. ಕಾಯಕ ಎನ್ನುತ್ತಿದ್ದರು, ಅಷ್ಟೆ. ಏಳನೆಯ ಇಯತ್ತೆಯಲ್ಲಿ ಹುಡುಗನಿಗೆ ವಿಷಮಶೀತ ಜ್ವರ ಬಂತು. ಊರಿಗೆ ಹೋಗಿ ಬಹಳ ದಿನ ಮಲಗಿದ. ಎಲುಬು ಚರ್ಮವಾಗಿ ತಿರುಗಿ ಬಂದರೆ, ಅವನ ಚಾಪೆಯ ಮೇಲೆ ಬೇರೊಬ್ಬ ಹುಡುಗ ಮಗ್ಗಿ ಓದುತ್ತ ಕೂತಿದ್ದ. ನಿಲಯ ನೋಡಿಕೊಳ್ಳುವವರು ಕೇಳಿದ್ದು ಒಂದೇ ಮಾತು: “ನಿನ್ನ ಪಾಳಿ ನೀರು ಇಷ್ಟು ದಿನ ಯಾರು ಸೇದಿದ್ರಲೇ?”

ಅವರು ತಮಾಷೆಗೆ ಕೇಳಿದರೋ, ಜಾಗವಿಲ್ಲದ್ದಕ್ಕೆ ಏನೋ ಒಂದು ಮಾತು ಹೇಳಬೇಕೆಂದು ಹೇಳಿದರೋ, ದೇವರೇ ಬಲ್ಲ. ಹುಡುಗ ತಗಡಿನ ಟ್ರಂಕು ಹೊತ್ತು ಮನೆಯ ದಾರಿ ಹಿಡಿದ. ಓದು ಅಲ್ಲಿಗೆ ಮುಗಿಯಿತು, ಬಡಿಗತನ ಶುರುವಾಯಿತು. ಆದರೆ ಆ ಪ್ರಶ್ನೆ ಮಾತ್ರ ಅವನ ಜತೆಗೇ ರೈಲು ಹತ್ತಿ ಇಲ್ಲಿಯ ತನಕ ಬಂತು. ಪುಕ್ಕಟೆ ಕೊಟ್ಟವರು ಒಂದಲ್ಲ ಒಂದು ದಿನ ನಿನ್ನ ಪಾಳಿ ಎಲ್ಲಿ ಎಂದು ಕೇಳುತ್ತಾರೆ, ತೋರಿಸಲು ಕೈಯಲ್ಲಿ ಏನೂ ಇಲ್ಲದಿದ್ದರೆ ಚಾಪೆ ಹೋಗುತ್ತದೆ. ಅವನಿಗೆ ತಿಳಿದ ಲೋಕ ಅದು.

ಮಾರನೆಯ ದಿನ ಅಂಗಡಿಯ ಯಜಮಾನ ಬದರಿನಾಥರ ಮುಂದೆ ಪೇಡೆಯ ಪೊಟ್ಟಣ ಇಟ್ಟು ಸುದ್ದಿ ಹೇಳಿದ. ಬದರಿನಾಥರು ಮೂರು ತಲೆಮಾರಿನಿಂದ ಈ ಊರಿನವರು. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು, ಸಿಟ್ಟು ಬಂದಾಗ ಇಂಗ್ಲಿಷು.

“ಅಂದ್ರೆ ನಿನ್ನ ಮಗಳ ಫೀಸು ಕಟ್ಟೋನು ನಾನು ಅನ್ನು,” ಎಂದರು ಪೇಡೆ ಮುರಿಯುತ್ತ.

“ಹಂಗಂದ್ರ ಹೆಂಗ್ರೀ ಸಾವ್ಕಾರ್ರ?”

“ಮತ್ತೆ? ಗೌರ್ಮೆಂಟಿನೋರು ತಮ್ಮ ಮನೆಯಿಂದ ತಂದು ಕೊಡ್ತಾರಾ? ನಾನು ಕಟ್ಟೋ ಟ್ಯಾಕ್ಸಯ್ಯಾ ಅದು. ನನ್ನ ಮಗ ಶ್ರೀಕಾಂತನ ಕಾಲೇಜಿಗೆ ನಾನೇ ಲಕ್ಷಗಟ್ಟಲೆ ಸುರಿದೆ. ಈಗ ಶೋಳಿಂಗನಲ್ಲೂರಿನ ಕಂಪ್ಯೂಟರ್ ಕಂಪನೀಲಿ ಕೆಲಸ ಮಾಡ್ತಾನೆ, ಅವನ ಸಂಬಳಕ್ಕೂ ಟ್ಯಾಕ್ಸಿನ ಕತ್ತರಿ. ಅವನ ಫೀಸು ಕಟ್ಟುವಾಗ ಯಾವ ಸರ್ಕಾರ ಬಂತು? ಸರಿ ಸರಿ, ಮುಖ ಹಾಗೆ ಮಾಡ್ಕೋಬೇಡ, ತಮಾಷೆಗಂದೆ.” ಇನ್ನೊಂದು ಪೇಡೆ ಎತ್ತಿಕೊಂಡರು. “ಆದ್ರೂ ಹೇಳ್ತೀನಿ ಕೇಳು. ಇವತ್ತು ಕೊಡ್ತಾರೆ. ನಾಳೆ ಖಜಾನೇಲಿ ಇಲ್ಲ, ಅದೂ ಹೊರ ರಾಜ್ಯದಿಂದ ಬಂದೋರಿಗೆ ಮೊದಲು ನಿಲ್ಲಿಸಿ ಅಂದ್ರೆ ಏನ್ಮಾಡ್ತೀಯ? ಅರ್ಧಕ್ಕೆ ನಿಂತ ಓದು ಯಾತಕ್ಕೆ ಬಂತು?”

ಯಜಮಾನರು ಪೇಡೆಯ ಜೊತೆಗೆ ಆ ಮಾತನ್ನೂ ನುಂಗಿ ಮರೆತರು. ಕೊಟ್ರಪ್ಪನ ಗಂಟಲಲ್ಲಿ ಅದು ಹಾಗೇ ನಿಂತಿತು. ಕಾವೇರಿ ಗಲಾಟೆಯ ಸಮಯದಲ್ಲಿ ಇದೇ ಅಂಗಡಿಯ ಬೋರ್ಡಿನ ಕನ್ನಡ ಅಕ್ಷರಗಳಿಗೆ ಗೋಣಿಚೀಲ ಹೊದಿಸಿ, ಬಾಗಿಲು ಅರ್ಧ ಎಳೆದುಕೊಂಡು ಕೆಲಸ ಮಾಡಿದ್ದು ಅವನೇ ತಾನೆ? ಯಾರೂ ಏನೂ ಮಾಡಲಿಲ್ಲ, ಎದುರಿನ ಟೀ ಅಂಗಡಿಯವನು ದಿನಾ ಟೀ ತಂದೇ ಕೊಟ್ಟ. ಆದರೂ ಗೋಣಿಚೀಲದ ಕೆಳಗೆ ಬದುಕಿದ ನೆನಪು ಸುಲಭಕ್ಕೆ ಹೋಗುವುದಿಲ್ಲ.

ಸಂಜೆ ಹೆಂಡತಿಗೆ ಹೇಳಿದ. ಗಿರಿಜಾದೇವಿ ಜೋಳದ ರೊಟ್ಟಿ ಬಡಿದು ಕನ್ನಡದ ಮನೆಗಳಿಗೆ ಮಾರುವವಳು. ಮಾತಾಡುತ್ತಲೇ ರೊಟ್ಟಿ ತಿರುಗಿಸುತ್ತಾಳೆ.

“ನಿಮ್ಮ ಸಾವ್ಕಾರ್ರು ಒಬ್ಬರ ತೆರಿಗಿ ಕಟ್ತಾರೇನು? ನಾ ತರೋ ಸಾಬೂನು, ಪೇಸ್ಟು, ನೀವು ತರೋ ಸ್ಕ್ರೂ, ಬಣ್ಣ, ಎಲ್ಲಾದರಾಗೂ ತೆರಿಗಿ ಹಿಡದೇ ಕೊಡ್ತಾರ. ಅವರ ಕಾರು ಓಡಾಡೋ ರಸ್ತಾಕ್ಕ ನಮ್ಮ ಸಾಬೂನಿನ ದುಡ್ಡೂ ಬಿದ್ದೈತಿ ಅಂತ ಹೇಳಬೇಕಿತ್ತು. ನಾವು ಕಾರಿನ್ಯಾಗ ಹೋಗ್ತೀವೇನು?”

“ಖರೇನ. ಆದ್ರ ಅದು ಕಣ್ಣಿಗೆ ಕಾಣಂಗಿಲ್ಲಲ್ಲ.”

“ಯಾರಿಗೆ ಕಾಣಬೇಕು?”

“ಕೇಳಾಕ ಬಂದವರಿಗೆ.”

“ಯಾರು ಬರ್ತಾರ್ರೀ ಕೇಳಾಕ?” ಎಂದು ಅವಳು ರೊಟ್ಟಿಯನ್ನು ಹಂಚಿನಿಂದ ಎತ್ತಿ ಅವನ ತಟ್ಟೆಗೆ ಬಿಸಾಡಿದಳು. “ಉಣ್ರಿ ಸುಮ್ಮನ. ಹುಡುಗಿ ಓದಿ ನೌಕರಿ ಹಿಡಿದ್ರ ತಾನೂ ಕಟ್ತಾಳ. ಆಗ ಸಾವ್ಕಾರ್ರ ಮೊಮ್ಮಕ್ಕಳು ಓದ್ಲಿ.”

ಮಾತಿನಲ್ಲಿ ಅವಳನ್ನು ಗೆಲ್ಲುವುದು ಅವನಿಂದ ಆಗದು. ಆದರೆ ಅಂಜಿಕೆ ಮಾತಿಗೆ ಬಗ್ಗುವುದಿದ್ದರೆ ಎಂದೋ ಬಗ್ಗುತ್ತಿತ್ತು.

ಹೀಗಿರುವಾಗ ಕಾಲೇಜಿನಲ್ಲಿ ತಂದೆತಾಯಿಗಳ ಸಭೆ ಬಂತು. ಕೊಟ್ರಪ್ಪ ಹೊತ್ತಿಗೆ ಬಹಳ ಮುಂಚೆಯೇ ಹೋಗಿ, ಒಳಗೆ ಕೂರಲು ಅಂಜಿ, ಹಳೆಯ ದೊಡ್ಡ ಹಾಲಿನ ಹಿಂಬದಿಗೆ ಹೋದ. ಅಲ್ಲಿನ ವರಾಂಡದಲ್ಲಿ ಬೆಂಚುಗಳ ರಾಶಿ. ಕಾಲು ಸಡಿಲಾದವು, ಹಲಗೆ ಸೀಳಿದವು, ಒಂದರ ಮೇಲೊಂದು ಅಡ್ಡಾದಿಡ್ಡಿ ಬಿದ್ದಿದ್ದವು. ಒಂದೊಂದರ ಬೆನ್ನಿಗೂ ಕೆಂಪು ಬಣ್ಣದಲ್ಲಿ ಒಂದು ಕತ್ತರಿ ಗುರುತು.

ಆ ಗುರುತು ಕಂಡಿದ್ದೇ ಅವನ ಎದೆ ಹಗುರಾಯಿತು. ಬದರಿನಾಥರ ಅಂಗಡಿಯಲ್ಲಿ ರಿಪೇರಿಗೆ ಬಂದ ಸಾಮಾನಿಗೆಲ್ಲ ಕೆಂಪಿನಲ್ಲಿ ಹೀಗೇ ಗುರುತು ಹಾಕುವುದು. ಕೆಲಸ ಮುಗಿದ ಮೇಲೆ ಉಜ್ಜಿ ಅಳಿಸುವುದು. ಅಂದ ಮೇಲೆ ಈ ಬೆಂಚುಗಳು ಬಡಿಗನ ದಾರಿ ಕಾಯುತ್ತಿವೆ! ದೊಡ್ಡ ಹಾಲಿನ ಪಾಠಕ್ಕೆ ಬೆಂಚು ಸಾಲದೆ ಹುಡುಗಿಯರು ನೆಲದ ಮೇಲೆ ಕೂರುತ್ತಾರೆ ಎಂದು ತೇಜಶ್ರೀ ಹೇಳಿದ್ದೂ ನೆನಪಾಯಿತು. ಕೊಟ್ರಪ್ಪನಿಗೆ ತನ್ನ ಪಾಳಿ ಸಿಕ್ಕಿತು.

ವಾಚ್‌ಮನ್ ಏಳುಮಲೈಯನ್ನು ಹಿಡಿದ. ಏಳುಮಲೈ ಬೀಡಿ ಮರೆಮಾಡಿ ಅವನು ಹೇಳಿದ್ದನ್ನೆಲ್ಲ ಕೇಳಿಸಿಕೊಂಡ.

“ಕೂಲಿ ಬೇಡವಾ?”

“ಬೇಡ ಅಣ್ಣೇ. ನನ್ನ ಮಗಳು ಇಲ್ಲೇ ಓದುತ್ತಾಳೆ.”

“ಹುಚ್ಚನಾ ನೀನು?”

“ಆಫೀಸಿಗೆ ಒಂದು ಮಾತು ಹೇಳಬೇಕಾ?”

“ಹೇಳಿದರೆ ಅರ್ಜಿ ಕೊಡು ಅಂತಾರೆ, ಅರ್ಜಿ ಕೊಟ್ಟರೆ ಟೆಂಡರ್ ಕರೀಬೇಕು ಅಂತಾರೆ. ಬೆಂಚು ಅಲ್ಲೇ ಗೆದ್ದಲು ಹಿಡಿಯುತ್ತೆ. ಭಾನುವಾರ ಬೆಳಿಗ್ಗೆ ಬಾ, ಗೇಟು ತೆಗೀತೀನಿ.”

ಮಳೆಗಾಲ ಕಳೆದು ಪೊಂಗಲ್ ಹಬ್ಬ ಹತ್ತಿರ ಬರುವ ತನಕ ಕೊಟ್ರಪ್ಪನ ಭಾನುವಾರಗಳೆಲ್ಲ ಆ ವರಾಂಡದಲ್ಲಿ ಕಳೆದವು. ಮನೆಯಲ್ಲಿ ಅಂಗಡಿಗೆ ಹೆಚ್ಚಿನ ಕೆಲಸ ಬಂದಿದೆ ಎಂದ. ಸಡಿಲಾದ ಕಾಲಿಗೆ ಬೆಣೆ ಬಡಿದ, ಸೀಳಿದ ಹಲಗೆಗೆ ಅಡಿಯಿಂದ ಪಟ್ಟಿ ಕೊಟ್ಟ, ಎದ್ದುನಿಂತ ಮೊಳೆಗಳನ್ನು ಕಿತ್ತು ಸ್ಕ್ರೂ ಹಾಕಿದ. ಕೊನೆಗೆ ಕೆಂಪು ಗುರುತನ್ನು ಉಜ್ಜಿ ಉಜ್ಜಿ ಅಳಿಸಿ, ಏಳುಮಲೈಯ ಜೊತೆ ಹೊತ್ತು ಹಾಲಿಗೆ ಸಾಗಿಸುತ್ತಿದ್ದ. ಸೋಮವಾರ ಬಂದ ಹುಡುಗಿಯರು ಆಫೀಸಿನವರು ಮಾಡಿಸಿದ್ದಾರೆಂದು ತಿಳಿದರು. ಮೇಲಿನವರು ಯಾರೂ ಹಿಂಬದಿಗೆ ಹೋಗಲಿಲ್ಲ.

ಆ ದಿನಗಳಲ್ಲಿ ಕೊಟ್ರಪ್ಪ ಚೆನ್ನಾಗಿ ನಿದ್ದೆ ಮಾಡಿದ. ಬದರಿನಾಥರು ಟ್ಯಾಕ್ಸಿನ ಮಾತೆತ್ತಿದರೂ ನಗುತ್ತಿದ್ದ. ಗಿರಿಜಾದೇವಿಗೇ ಅನುಮಾನ ಬಂದು, “ಏನ್ರೀ, ಇತ್ತಿತ್ಲಾಗ ಅಂಜೋದ ಮರ್ತೀರಿ? ಆರಾಮ ಅದೀರಿಲ್ಲೋ?” ಎಂದು ಹಣೆ ಮುಟ್ಟಿ ನೋಡಿದಳು.

ಮರೆತದ್ದು ಒಂದು ಮಂಗಳವಾರದ ತನಕ.

ಅಂದು ತೇಜಶ್ರೀ ಕಾಲೇಜಿನಿಂದ ಬಂದು, ಬ್ಯಾಗು ಎಸೆದು, ತಾಯಿಯ ಪಕ್ಕ ಕೂತಳು. ಅವಳಿಗೆ ಕನ್ನಡ ಎಲ್ಲ ತಿಳಿಯುತ್ತದೆ, ನಾಲಗೆಗೆ ಮಾತ್ರ ತಮಿಳೇ ಮೊದಲು ಬರುತ್ತದೆ. “ಪಾವಂ ಅಮ್ಮಾ, ಪಾಪ, ನಮ್ಮ ಪ್ರಿನ್ಸಿಪಾಲ್. ಅಳ್ತಾ ಇದ್ರು.”

“ಯಾಕ, ಏನಾತು?”

ಹುಡುಗಿ ಎರಡೂ ಭಾಷೆ ಕಲಸಿ ಹೇಳಿದ್ದು ಇಷ್ಟು. ದೊಡ್ಡ ಹಾಲಿಗೆ ಹೊಸ ಬೆಂಚು ಬೇಕೆಂದು ಪ್ರಿನ್ಸಿಪಾಲ್ ಜಲಜಾಕ್ಷಿ ಮೇಡಂ ಸರ್ಕಾರಕ್ಕೆ ಬರೆದಿದ್ದರು. ಹಳೆಯವು ಕೆಲಸಕ್ಕೆ ಬಾರವು ಎಂದು ತೋರಿಸಲು, ಮುರಿದ ಬೆಂಚುಗಳಿಗೆಲ್ಲ ಕೆಂಪು ಬಣ್ಣದ ಗುರುತು ಹಾಕಿಸಿ ಹಿಂದಿನ ವರಾಂಡದಲ್ಲಿ ಇಡಿಸಿದ್ದರು. ಇವತ್ತು ತಪಾಸಣೆಗೆ ಅಧಿಕಾರಿ ಬಂದರೆ, ವರಾಂಡದಲ್ಲಿ ಒಂದೂ ಮುರಿದ ಬೆಂಚಿಲ್ಲ! ಎಲ್ಲ ಹಾಲಿನಲ್ಲಿ ಗಟ್ಟಿಯಾಗಿ ನಿಂತಿವೆ.

“ಆ ಆಫೀಸರ್ ಎಲ್ಲರ ಮುಂದೇನೇ ಕೇಳಿಬಿಟ್ರು. ಒಳ್ಳೇ ಬೆಂಚನ್ನ ಮುರಿದಿದೆ ಅಂತ ಸುಳ್ಳು ಬರೆದು ಜನರ ತೆರಿಗೆ ಹಣ ಹೊಡೆಯೋಕೆ ನೋಡಿದ್ರಾ ಅಂತ. ಶುಕ್ರವಾರ ಮತ್ತೆ ಬರ್ತಾರಂತೆ. ಅಷ್ಟರಲ್ಲಿ ಇದು ಹೇಗಾಯ್ತು ಅಂತ ಹೇಳದೆ ಹೋದ್ರೆ ಮೇಡಂ ಮೇಲೆ ರಿಪೋರ್ಟು. ಯಾರು ಮಾಡಿದ್ದು ಅಂತ ಎಲ್ಲ ಕಡೆ ವಿಚಾರಿಸ್ತಾ ಇದಾರೆ.”

“ಅಯ್ಯ, ಚಲೋ ಮಾಡಿದ್ದೂ ತಪ್ಪಾತೇನು?” ಎಂದು ಗಿರಿಜಾದೇವಿ ನಕ್ಕಳು.

ಕೊಟ್ರಪ್ಪ ಅರ್ಧ ಊಟಕ್ಕೇ ಎದ್ದು ಬಚ್ಚಲಿಗೆ ಹೋಗಿ ಕೈ ತೊಳೆದ. ಮತ್ತೆ ತೊಳೆದ. ಬೆರಳ ಸಂದಿಯಲ್ಲಿ ಕೆಂಪು ಬಣ್ಣ ಉಳಿದಿದೆಯೇನೋ ಎಂದು ಬೆಳಕಿಗೆ ಹಿಡಿದು ನೋಡಿದ.

ಮಾರನೆಯ ಬೆಳಿಗ್ಗೆ ಕಾಲೇಜಿನ ಗೇಟಿಗೆ ಹೋದರೆ, ಏಳುಮಲೈ ಅವನನ್ನು ಸೈಕಲ್ ಸ್ಟ್ಯಾಂಡಿನ ಹಿಂದಕ್ಕೆ ಎಳೆದುಕೊಂಡು ಹೋದ. ಅವನ ಮುಖ ಕಪ್ಪಿಟ್ಟಿತ್ತು. ಹಿಂದೆಯೇ ಹೆಡ್ ಕ್ಲಾರ್ಕ್ ಬಂದ. ಹಣೆಯ ತುಂಬ ಕುಂಕುಮ, ಕಿಸೆಯ ತುಂಬ ಪೆನ್ನುಗಳ ಮನುಷ್ಯ. ಬಯ್ಯಲಿಲ್ಲ, ಕೂಗಲಿಲ್ಲ. ಕಿವಿಯ ಹತ್ತಿರ ಬಂದು ಮೆಲ್ಲಗೆ ಮಾತಾಡಿದ, ಕೊಟ್ರಪ್ಪನಿಗೆ ಅದೇ ಹೆಚ್ಚು ಭಯವಾಯಿತು.

“ನೀನೇ ಅಲ್ವಾ? ಏಳುಮಲೈ ಹೇಳಿದ. ನನ್ನ ಹತ್ತಿರ ಮಾತ್ರ ಹೇಳಿದ್ದಾನೆ. ನಾನಿನ್ನೂ ಮೇಡಂಗೆ ಹೇಳಿಲ್ಲ. ಹೇಳಿದರೆ ಏನಾಗುತ್ತೆ ಗೊತ್ತಾ? ಗೇಟು ತೆಗೆದ ಇವನ ಕೆಲಸ ಹೋಗುತ್ತೆ. ಹೇಳದಿದ್ದರೆ ಮೇಡಂ ಮೇಲೆ ಎನ್‌ಕ್ವೈರಿ. ಎನ್‌ಕ್ವೈರಿ ಅಂದರೆ ಎಲ್ಲ ಹೊರಗೆ ಬರುತ್ತೆ. ಯಾರು, ಯಾರ ಅಪ್ಪ, ಆ ಹುಡುಗಿ ಯಾವ ಕ್ಲಾಸು...”

“ಅವಳಿಗೆ ಏನೂ ಗೊತ್ತಿಲ್ಲ ಸಾರ್.”

“ಗೊತ್ತಿಲ್ಲ ಅಂದರೆ ಯಾರು ನಂಬುತ್ತಾರಪ್ಪಾ? ಕೇಳು, ಕಷ್ಟವೇನಿಲ್ಲ. ಯಾರಿಗೂ ಗೊತ್ತಾಗದ ಹಾಗೆ ಜೋಡಿಸಿದೆ ತಾನೆ? ಹಾಗೇ ಬಿಚ್ಚಿಬಿಡು. ಶುಕ್ರವಾರ ಆಫೀಸರ್ ಬರೋ ಮುಂಚೆ. ಹತ್ತು ಹದಿನೈದು ಬೆಂಚು ಸಾಕು. ಬೇರೆ ಹಾಲಿನ ಬೆಂಚು ನೋಡಿದಿರಿ ಸಾರ್, ಮುರಿದದ್ದು ಇಲ್ಲಿವೆ ನೋಡಿ ಅಂತ ನಾನು ಸಂಭಾಳಿಸ್ತೀನಿ.”

ಆಗಲಿ ಎಂದು ಕೊಟ್ರಪ್ಪ ತಲೆ ಆಡಿಸಿದ. ಅಂಜಿದವನಿಗೆ ತಲೆ ಆಡಿಸುವುದೊಂದೇ ಗೊತ್ತು.

ಆದರೆ ಅಂಗಡಿಗೆ ಬಂದು ಕೂತರೆ ಮನಸ್ಸು ಕೆಲಸದಲ್ಲಿ ನಿಲ್ಲಲಿಲ್ಲ. ಮುರಿದರೆ, ಸರ್ಕಾರದ ಸಾಮಾನನ್ನು ಬೇಕೆಂದೇ ಮುರಿದವನಾಗುತ್ತಾನೆ. ಯಾರ ದುಡ್ಡಿನಲ್ಲಿ ಮಗಳು ಓದುತ್ತಾಳೋ ಅದೇ ಜನರ ದುಡ್ಡಿನ ಬೆಂಚು. ಮುರಿಯದಿದ್ದರೆ ಒಬ್ಬ ಬಡವನ ಕೆಲಸ, ಒಬ್ಬ ಹೆಣ್ಣುಮಗಳ ಮಾನ, ಜೊತೆಗೆ ಎಲ್ಲರ ಬಾಯಲ್ಲಿ ತೇಜಶ್ರೀಯ ಹೆಸರು. ಯಾವ ಕಡೆಯಿಂದ ನೋಡಿದರೂ ಕೊನೆಗೆ ಕಾಣುವುದು ಒಂದೇ: ಮಗಳು ಪುಸ್ತಕಗಳನ್ನು ಎದೆಗವಚಿಕೊಂಡು ಆ ಗೇಟಿನಿಂದ ಹೊರಗೆ ಬರುತ್ತಿದ್ದಾಳೆ, ಒಳಗೆ ಅವಳ ಜಾಗದಲ್ಲಿ ಬೇರೊಬ್ಬ ಹುಡುಗಿ ಕೂತಿದ್ದಾಳೆ. ಕಣ್ಣು ಮುಚ್ಚಿದರೂ ಅದೇ, ತೆರೆದರೂ ಅದೇ.

“ಏನಯ್ಯಾ, ಜ್ವರಾನಾ?” ಎಂದರು ಬದರಿನಾಥರು.

“ಇಲ್ಲ ಬಿಡ್ರಿ.”

“ಮಗಳು ಹೇಗೆ ಓದ್ತಾಳೆ? ನನ್ನ ದುಡ್ಡು ದಂಡ ಮಾಡ್ತಿಲ್ಲ ತಾನೆ?”

ಎಂದಿನ ತಮಾಷೆ. ಕಣ್ಣು ಕತ್ತಲೆಗಟ್ಟಿ ಕೊಟ್ರಪ್ಪ ಗೋಡೆ ಹಿಡಿದುಕೊಂಡ. ಬದರಿನಾಥರು ಗಾಬರಿಯಾಗಿ ಸೋಡಾ ತರಿಸಿದರು.

ಶುಕ್ರವಾರ ಬೆಳಿಗ್ಗೆ, ಬೀದಿಯ ಟೀ ಅಂಗಡಿ ಇನ್ನೂ ತೆರೆಯುತ್ತಿರುವಾಗ, ಅವನು ಸುತ್ತಿಗೆ ಉಳಿಗಳ ಚೀಲ ಹಿಡಿದು ಹೊರಟ. ಏಳುಮಲೈ ಗೇಟು ತೆಗೆದ. ದೊಡ್ಡ ಹಾಲಿನಲ್ಲಿ ಬೆಂಚುಗಳು ಸಾಲಾಗಿ ನಿಂತಿದ್ದವು. ಬಾಗಿಲಿನ ಪಕ್ಕದ್ದನ್ನೇ ಆರಿಸಿಕೊಂಡ. ಬೆಣೆ ಬಡಿದ ಜಾಗ ಅವನ ಬೆರಳಿಗೇ ಗೊತ್ತು. ಉಳಿ ಇಟ್ಟು ಒಂದೇಟು ಕೊಟ್ಟ. ಖಾಲಿ ಹಾಲಿನಲ್ಲಿ ಆ ಸದ್ದು ಗುಂಡು ಹಾರಿದ ಹಾಗೆ ಕೇಳಿಸಿತು. ಇನ್ನೊಂದು. ಕಾಲು ಕಳಚಿ, ಬೆಂಚು ಮೊಣಕಾಲೂರಿದ ದನದ ಹಾಗೆ ಮುಂದಕ್ಕೆ ಬಾಗಿತು.

ಎರಡನೆಯದಕ್ಕೆ ಉಳಿ ಇಟ್ಟ. ಕೈ ನಡುಗಿತು. ಮರದ ಮೇಲೆ ಉಳಿ ಇಟ್ಟು ಅವನ ಕೈ ನಡುಗಿದ್ದು ಹುಟ್ಟಿದಂದಿನಿಂದ ಅದೇ ಮೊದಲು.

“ಎನ್ನಪ್ಪಾ ಪಣ್ರೀಂಗ?”

ಏನು ಮಾಡುತ್ತಿದ್ದೀರಿ ಎಂದು ಕೇಳುತ್ತ ಬಾಗಿಲಲ್ಲಿ ತೇಜಶ್ರೀ ನಿಂತಿದ್ದಳು. ಅಧಿಕಾರಿ ಬರುತ್ತಾರೆಂದು ದೊಡ್ಡ ಹಾಲನ್ನು ಗುಡಿಸಿ ಅಣಿ ಮಾಡಲು ಕ್ಲಾಸಿನ ಕೆಲವರನ್ನು ಬೇಗ ಕರೆದಿದ್ದರು. ಇವಳು ಎಲ್ಲರಿಗಿಂತ ಮೊದಲು ಬಂದಿದ್ದಳು. ತಂದೆಯ ಕೈಯ ಸುತ್ತಿಗೆ ನೋಡಿದಳು, ಮುರಿದ ಬೆಂಚು ನೋಡಿದಳು. ಲೆಕ್ಕದ ಹುಡುಗಿ, ಕೂಡಿಸಲು ಹೊತ್ತು ಹಿಡಿಯಲಿಲ್ಲ.

“ರಿಪೇರಿ ಮಾಡಿದ್ದು ನೀವೇನಾ? ಭಾನುವಾರ ಭಾನುವಾರ ಇಲ್ಲಿಗೇ ಬರ್ತಿದ್ರಾ?”

“ನಿನ್ನ ಫೀಸವ್ವಾ...” ಎಂದ ಕೊಟ್ರಪ್ಪ. ಮುಂದೆ ಏನು ಹೇಳಬೇಕೆಂದು ತಿಳಿಯಲಿಲ್ಲ. “ಯಾರಾರ ಕೇಳಿದ್ರ, ಇಷ್ಟು ಮಾಡೀನಿ ಅಂತ ತೋರಿಸಾಕ. ಹಂಗ ಪುಕ್ಕಟೆ ತಗೊಂಡ್ರ ಉಳಿಯಂಗಿಲ್ಲವ್ವ. ನನಗ ಗೊತ್ತೈತಿ.”

ಹುಡುಗಿ ಅಳುತ್ತಾಳೆಂದುಕೊಂಡ. ಅವಳು ಸಿಟ್ಟಾದಳು. ಎಷ್ಟು ಸಿಟ್ಟೆಂದರೆ ತಮಿಳು ಬಿಟ್ಟು, ತಾಯಿಯ ಭಾಷೆಯಲ್ಲೇ ತೊಡರುತ್ತ ತೊಡರುತ್ತ ಬಯ್ದಳು. “ನನ್ನ ಕ್ಲಾಸಲ್ಲಿ ಯಾರ ಅಪ್ಪ ಬಂದ್ರು ಹೀಗೆ? ಆಟೋ ಓಡಿಸೋರ ಮಗಳು ಐತೆ, ಮೀನು ಮಾರೋರ ಮಗಳು ಐತೆ. ಅವರೆಲ್ಲ ಬಂದು ಗೋಡೆ ಬಳೀಬೇಕಾ? ನಾನು ಮಾರ್ಕ್ಸ್ ತಗೊಂಡು ಬಂದಿದ್ದು ಅಪ್ಪಾ! ಈಗ ಬೆಂಚನ್ನ ಯಾಕೆ ಒಡೀತೀರ?”

“ಕ್ಲಾರ್ಕ್ ಹೇಳಿದ್ರು. ಇಲ್ಲಂದ್ರ ನಿನ್ನ...”

“ನನ್ನ ಹೆಸರು ಹೇಳಬೇಡಿ!” ಅವನ ಕೈಯಿಂದ ಸುತ್ತಿಗೆ ಕಿತ್ತುಕೊಂಡಳು. ಹೊರಗೆ ಕಾರಿನ ಬಾಗಿಲು ಬಡಿದ ಸದ್ದು. ಅಧಿಕಾರಿ ಹೊತ್ತಿಗೆ ಮುಂಚೆಯೇ ಬಂದಿದ್ದ. ತೇಜಶ್ರೀಯ ಮುಖವೂ ಬಿಳಿಚಿತು. ತಂದೆಯ ಅಂಜಿಕೆ ಮಗಳ ಮುಖದಲ್ಲಿ ಮೊದಲ ಸಲ ಕಂಡಿತು. ಸುತ್ತಿಗೆಯನ್ನು ದಾವಣಿಯ ಸೆರಗಿನಲ್ಲಿ ಮುಚ್ಚಲು ಹೋದಳು.

ಅದನ್ನು ಕೊಟ್ರಪ್ಪ ನೋಡಿದ. ಅವಳ ಸೆರಗಿನಿಂದ ಸುತ್ತಿಗೆಯನ್ನು ಎಳೆದುಕೊಂಡು, ಅದನ್ನು ಹಿಡಿದೇ ಹೊರಗೆ ನಡೆದ. ನಿಲ್ಲದೆ ನಡೆದ.

ವರಾಂಡದಲ್ಲಿ ಜಲಜಾಕ್ಷಿ ಮೇಡಂ ಅಧಿಕಾರಿಗೆ ವಣಕ್ಕಂ ಹೇಳುತ್ತಿದ್ದರು, ಹಿಂದೆ ಹೆಡ್ ಕ್ಲಾರ್ಕ್. ಸುತ್ತಿಗೆ ಹಿಡಿದು ಎದುರಿಗೆ ಬಂದವನನ್ನು ಕಂಡು ಮೂವರೂ ಒಂದು ಹೆಜ್ಜೆ ಹಿಂದೆ ಸರಿದರು.

“ಬೆಂಚು ರಿಪೇರಿ ಮಾಡಿದ್ದು ನಾನು ಸಾರ್,” ಎಂದ ತಮಿಳಿನಲ್ಲಿ, ಒಂದೇ ಉಸಿರಿಗೆ. “ಮೇಡಂ ಸುಳ್ಳು ಬರೆದಿಲ್ಲ, ಎಲ್ಲ ಮುರಿದಿದ್ದವು. ಕೆಂಪು ಗುರುತು ರಿಪೇರಿಗೆ ಹಾಕಿದ್ದು ಅಂದುಕೊಂಡೆ. ನಮ್ಮ ಅಂಗಡಿಯಲ್ಲಿ ಹಾಗೆ. ವಾಚ್‌ಮನ್ ಬರೀ ಗೇಟು ತೆಗೆದ. ಈಗ ಒಂದನ್ನು ಮುರಿದೆ. ಅದೂ ನಾನೇ.”

ಕ್ಲಾರ್ಕ್ ಆಕಾಶ ನೋಡತೊಡಗಿದ. ಅಧಿಕಾರಿ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡ. ಹಾಲಿಗೆ ಬಂದು ಬೆಂಚುಗಳನ್ನು ಒಂದೊಂದಾಗಿ ತಿರುಗಿಸಿ ನೋಡಿಸಿದ. ಅಡಿಯ ಹೊಸ ಪಟ್ಟಿಗಳು, ಬೆಣೆಗಳು, ಉಜ್ಜಿದರೂ ಸಂದಿಯಲ್ಲಿ ಉಳಿದಿದ್ದ ಕೆಂಪು ಎಲ್ಲ ಕಂಡವು.

“ಕೂಲಿ ಎಷ್ಟು ತಗೊಂಡೆ?”

“ಇಲ್ಲ ಸಾರ್. ಮಗಳು ಇಲ್ಲಿ ಓದುತ್ತಾಳೆ. ಫೀಸಿಲ್ಲದೆ.” ಆಮೇಲೆ ಕೇಳಿಯೇಬಿಟ್ಟ. “ಅವಳ ಸೀಟು ತೆಗೀತೀರಾ?”

“ಯಾವ ಸೀಟು?” ಎಂದ ಅಧಿಕಾರಿ. ಅವನಿಗೆ ನಿಜಕ್ಕೂ ಅರ್ಥವಾಗಿರಲಿಲ್ಲ. “ನಾನು ಬೆಂಚಿಗೆ ಬಂದಿದ್ದೇನಯ್ಯಾ. ನಿನ್ನ ಮಗಳಿಗೂ ಬೆಂಚಿಗೂ ಏನು ಸಂಬಂಧ?” ಆಮೇಲೆ ಜಲಜಾಕ್ಷಿಯವರ ಕಡೆ ತಿರುಗಿ, “ನೀವು ಸುಳ್ಳು ಹೇಳಿಲ್ಲ ಅಂತ ಬರೀತೀನಿ. ಆದರೆ ಹೊಸ ಬೆಂಚಿಗೆ ಹಣ ಕೊಡಿ ಅಂತ ಬರೆಯೋಕಾಗಲ್ಲ ಮೇಡಂ. ಇವು ಇನ್ನೂ ಹತ್ತು ವರ್ಷ ಬಾಳುತ್ತವೆ. ಮುರಿದದ್ದು ಒಂದಿದೆ, ಒಂದಕ್ಕೆ ಬರೀತೀನಿ.”

“ಒಂದಕ್ಕಾ?” ಎಂದರು ಮೇಡಂ, ಅಳುವೋ ನಗುವೋ ತಿಳಿಯದ ದನಿಯಲ್ಲಿ.

“ಅದನ್ನೂ ಈಗಲೇ ಕೂಡಿಸಿಕೊಡ್ತೀನಿ ಸಾರ್,” ಎಂದು ಕೊಟ್ರಪ್ಪ ಬಗ್ಗಿದ.

“ತೊಡಾದೀಂಗ!” ಎಂದು ಅಧಿಕಾರಿ, ಮೇಡಂ, ಕ್ಲಾರ್ಕ್ ಮೂವರೂ ಒಟ್ಟಿಗೆ ಕೂಗಿದರು. ಅವನ ಕೈ ಬೆಂಚಿನ ಮೇಲೆ ಹಾಗೇ ನಿಂತಿತು. ಮುಟ್ಟಬೇಡ ಎಂದರೆ ಮುಟ್ಟಬಾರದು.

ಅಧಿಕಾರಿ ಹೋದ ಮೇಲೆ ಜಲಜಾಕ್ಷಿಯವರು ಅವನನ್ನು ತಮ್ಮ ಕೋಣೆಗೆ ಕರೆದರು. ಕೂರಿ ಎಂದರೂ ಅವನು ಕೂರಲಿಲ್ಲ.

“ಎಷ್ಟು ವರ್ಷ ಅಲೆದು ತಂದ ಕಾಗದ ಅದು, ಗೊತ್ತಾ ನಿಮಗೆ? ಬೆನ್ನಿಗೆ ಆಸರೆ ಇರುವ ಬೆಂಚು ಬರುತ್ತಿತ್ತು. ನಿಮ್ಮ ಮಗಳಿಗೂ.”

“ತಪ್ಪಾಯಿತಮ್ಮಾ.”

“ನಿಮಗೆ ಬಯ್ಯೋಕೂ ಬಾಯಿ ಬರ್ತಿಲ್ಲ.” ಆಕೆ ಒಂದು ಲೋಟ ನೀರು ತಾವೇ ಕುಡಿದರು. “ನಾನೂ ಇಂಥದೇ ಕಾಲೇಜಿನಲ್ಲಿ ಫೀಸಿಲ್ಲದೆ ಓದಿದವಳು. ನಮ್ಮಪ್ಪ ಒಂದು ದಿನವೂ ಆ ಕಡೆ ತಲೆ ಹಾಕಲಿಲ್ಲ. ಕೇಳಿ, ನಿಮ್ಮಿಂದ ನನಗೆ ಒಂದೇ ಬೇಕು. ಏನೂ ಮಾಡಬೇಡಿ. ಹುಡುಗಿಯನ್ನ ಕಳಿಸಿ, ನೀವು ಮನೇಲಿರಿ.”

“ಏಳುಮಲೈ?”

“ಅವನಿಗೆ ಒಂದು ಮೆಮೊ ಕೊಡ್ತೀನಿ. ಕೆಲಸ ಹೋಗಲ್ಲ.”

ಏನೂ ಮಾಡಬೇಡಿ! ಒಂದು ಕಾಡು ಕಡಿದು ಕೊಡು ಎಂದಿದ್ದರೆ ಕೊಟ್ರಪ್ಪ ಕಡಿದುಕೊಡುತ್ತಿದ್ದ. ಇದು ಅವನ ಕೈಗೆ ಆಗದ ಕೆಲಸ. ಮನೆಗೆ ಬಂದು ಹೆಂಡತಿಗೆ ಎಲ್ಲ ಹೇಳಿದ. ಅವಳು ನಗುತ್ತಾಳೆಂದು ಕಾದ. ಅವಳು ನಗಲಿಲ್ಲ. “ನನಗರ ಒಂದು ಮಾತು ಹೇಳಬಾರದಾಗಿತ್ತೇನ್ರಿ,” ಎಂದು ಮಾತ್ರ ಅಂದಳು. ತೇಜಶ್ರೀ ಶನಿವಾರವೆಲ್ಲ ತಂದೆಯ ಜೊತೆ ಮಾತಾಡಲಿಲ್ಲ. ಭಾನುವಾರ ಅವನು ಅಭ್ಯಾಸಬಲದಿಂದ ಎದ್ದು ಚೀಲಕ್ಕೆ ಕೈ ಹಾಕಿ, ಮತ್ತೆ ಕೆಳಗಿಟ್ಟು, ಬಾಗಿಲಲ್ಲಿ ಕೂತ.

ಸೋಮವಾರ ಮಗಳನ್ನು ಬಸ್ ಸ್ಟಾಪಿನ ತನಕ ಬಿಡಲು ಹೋದ. ಬೇಡ ಎಂದರೂ ಹೋದ. ಬಸ್ಸು ಬಂತು, ಅವಳು ಹತ್ತಿದಳು, ತಿರುಗಿ ನೋಡಲಿಲ್ಲ. ಅಂಗಡಿಗೆ ಹೋಗಿ ಕುರ್ಚಿಯೊಂದಕ್ಕೆ ಕೈಹಾಕಿದ. ಅಧಿಕಾರಿಗೆ ಅಂದು ಅರ್ಥವಾಗಲಿಲ್ಲ, ಮನೆಗೆ ಹೋಗಿ ಯೋಚಿಸಿದರೆ ಅರ್ಥವಾಗಬಹುದು. ಮೇಲಿನವರಿಗೆ ಬರೆಯಬಹುದು. ಮೇಲಿನವರು ಕೇಳಬಹುದು. ಗಲ್ಲಿಯಲ್ಲಿ ಹುಡುಗಿಯರ ಚಪ್ಪಲಿ ಸದ್ದು ಕೇಳಿದಾಗಲೆಲ್ಲ ತಲೆ ಎತ್ತಿದ: ವಾಪಸ್ ಕಳಿಸಿಬಿಟ್ಟರೇನೋ! ಬೆಳಿಗ್ಗೆಯೆಲ್ಲ ಹಾಗೇ ಕಳೆಯಿತು. ಊಟದ ಡಬ್ಬಿ ತೆರೆಯಲಿಲ್ಲ. ಯಜಮಾನರು ಸಾಮಾನು ತರಲು ಹೋಗಿದ್ದರು, ಟ್ಯಾಕ್ಸಿನ ಮಾತೆತ್ತಲೂ ಯಾರಿರಲಿಲ್ಲ.

ಸಂಜೆ ಅಂಗಡಿ ಬೇಗ ಮುಚ್ಚಿ, ಮನೆಯ ಮೆಟ್ಟಿಲ ಮೇಲೆ ಬಂದು ಕೂತ. ಬೀದಿಯ ಕೊನೆಯಲ್ಲಿ ತೇಜಶ್ರೀ ಕಂಡಳು. ಪುಸ್ತಕಗಳನ್ನು ಎದೆಗವಚಿಕೊಂಡೇ ಬರುತ್ತಿದ್ದಳು. ಕೊಟ್ರಪ್ಪ ಮೆಟ್ಟಿಲು ಹಿಡಿದುಕೊಂಡು ಎದ್ದ.

“ಏನಂದ್ರವ್ವಾ?”

“ಯಾರು?”

“ಕಾಲೇಜಿನ್ಯಾಗ.”

“ನಾಳೆ ಟೆಸ್ಟು ಅಂದ್ರು,” ಎಂದಳು ಹುಡುಗಿ. ಚಪ್ಪಲಿ ಬಿಟ್ಟು, ಅವನನ್ನು ದಾಟಿ ಒಳಗೆ ಹೋಗಿ, “ಅಮ್ಮಾ, ಪಸಿಕ್ಕುದು, ತಿನ್ನೋಕೆ ಏನಾದ್ರೂ ಕೊಡು,” ಎಂದು ಕೂಗಿದಳು.